ಹೊರಗಿನ ಕೋಣೆಯ ಲಿನಕ್ಸ್

ಸೊಸೆ ಹೊರಗಾದಾಗ ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ಅಂಬಾಬಾಯಿ ತಮ್ಮ ಜೀವಮಾನದಲ್ಲಿ ನೋಡಿರಲಿಲ್ಲ. ಚಾಪೆ, ತಟ್ಟೆ, ಲೋಟ ಎತ್ತಿಕೊಂಡು ಪ್ರಿಯಂವದಾ ಬೀದಿ ಕಡೆಯ ಕೋಣೆಗೆ ಹೋದ ಸಂಭ್ರಮ ನೋಡಿದರೆ ತವರಿಗೆ ಹೊರಟವಳ ಹಾಗಿತ್ತು.

ಮುಳಬಾಗಿಲಿನ ಆ ಬೀದಿಯಲ್ಲಿ ತಿಂಗಳಿಗೆ ಮೂರು ದಿನ ಹೆಂಗಸರನ್ನು ದೂರ ಕೂರಿಸುವ ಪದ್ಧತಿ ಉಳಿದಿದ್ದದ್ದು ಇವರ ಮನೆಯಲ್ಲಿ ಮಾತ್ರ. ಇಸವಿ ಎರಡು ಸಾವಿರದ ಮೂರಾಗಿತ್ತು; ಎದುರು ಮನೆಯವರು, ಪಕ್ಕದ ಮನೆಯವರು ಅದನ್ನೆಲ್ಲ ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಅಂಬಾಬಾಯಿ ಬಿಟ್ಟಿರಲಿಲ್ಲ. ಗಂಡ ರಾಮಚಂದ್ರರಾಯರು ತಾಲ್ಲೂಕು ಕಚೇರಿಯಲ್ಲಿ ಲೆಕ್ಕಪತ್ರ ನೋಡಿ ನಿವೃತ್ತರಾದವರು. ಪೂಜೆ, ಪಂಚಾಂಗ, ಪೇಪರು, ಊಟ, ಇಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು. ಮನೆಯ ಮಡಿ ಮೈಲಿಗೆಯ ಸಂಪೂರ್ಣ ಅಧಿಕಾರ ಅಂಬಾಬಾಯಿಯದು, ಆ ವಿಷಯದಲ್ಲಿ ಅವರ ಮಾತಿಗೆ ಎದುರಾಡುವ ಧೈರ್ಯ ರಾಯರಿಗೂ ಇರಲಿಲ್ಲ.

ಆ ಕೋಣೆಯಲ್ಲೇ ಮಗ ಕೌಸ್ತುಭನ ಕಂಪ್ಯೂಟರು ಇತ್ತು. ಅವನು ದೇವರಾಯಸಮುದ್ರದ ರಸ್ತೆಯಲ್ಲಿದ್ದ ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕೋಲಾರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟೊಂದು ಬಾಗಿಲು ಹಾಕಿದಾಗ ಕೊಂಡು ತಂದಿದ್ದ. ಯಾರ್ಯಾರ ಕೈಯಾಡಿದ್ದೋ ಗೊತ್ತಿಲ್ಲದ ಸಾಮಾನು ನಡುಮನೆಗೆ ಬೇಡ ಎಂದು ಅಂಬಾಬಾಯಿ ತೀರ್ಪು ಕೊಟ್ಟಿದ್ದರಿಂದ ಅದು ಹೊರಗಿನ ಕೋಣೆ ಸೇರಿತ್ತು. ಒಂದು ವರ್ಷ ಓಡಿತು, ಆಮೇಲೆ ವೈರಸ್ ಬಂದು ಮಲಗಿತು. "ಕೋಲಾರಕ್ಕೆ ತಗೊಂಡ್ ಬನ್ನಿ ಸಾರ್, ಒಳಗಿರೋದನ್ನ ಉಳಿಸಿ ಕೊಡ್ತೀನಿ" ಎಂದು ಮೆಕ್ಯಾನಿಕ್ ಕದಿರೇಶ್ ಹೇಳಿದ್ದ. ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವವರು ಯಾರೆಂದು ತೀರ್ಮಾನವಾಗದೆ, ಅದು ಹಳೇ ಪಂಚೆ ಹೊದ್ದು ಕೂತಿತ್ತು.

ಸೊಸೆಗೆ ಅದರ ಹುಚ್ಚು ಹತ್ತಿದ್ದು ಒಂದು ದಿನ ಊಟದ ಹೊತ್ತಿನಲ್ಲಿ.

"ಬೆಂಗಳೂರಿನ ಯಾವುದೋ ಆಫೀಸಿನೋರು ನಮ್ಮ ಸ್ಕೂಲಿಗೆ ಐದು ಹಳೇ ಕಂಪ್ಯೂಟರ್ ಕೊಟ್ಟಿದಾರೆ" ಎಂದ ಕೌಸ್ತುಭ, ಸಾರನ್ನ ಕಲಸುತ್ತ. "ಒಳಗೆ ಏನೂ ಇಲ್ಲ, ಖಾಲಿ ಡಬ್ಬ. ಅದಕ್ಕೆ ಹಾಕೋದನ್ನ ಕೊಳ್ಳೋಕೆ ಸೆಕ್ರೆಟರಿ ಚನ್ನರಾಯಪ್ಪ ಬಿಡಿಗಾಸು ಬಿಚ್ಚಲ್ಲ. ಲಿನಕ್ಸ್ ಅಂತ ಒಂದಿದೆಯಂತೆ, ಬಿಟ್ಟಿ ಸಿಗುತ್ತಂತೆ. ಅದನ್ನ ಹಾಕಿ, ಓಡಿಸಿ, ಮಕ್ಕಳಿಗೆ ಹೇಳಿಕೊಡೋರಿಗೆ ದಸರಾ ರಜಾ ಮುಗಿದ ಮೇಲೆ ಕೆಲಸ ಕೊಡ್ತೀನಿ ಅಂದ್ರು. ಶ್ರೀನಿವಾಸಪುರದ ಹುಡುಗ ಒಬ್ಬ ಆಗಲೇ ಅರ್ಜಿ ಹಾಕಿದಾನೆ."

ಬಡಿಸುತ್ತಿದ್ದ ಪ್ರಿಯಂವದಾ ಸೌಟು ಹಿಡಿದು ಹಾಗೇ ನಿಂತಳು. "ನಾನು ಕಲೀಲಾ?"

ಕೌಸ್ತುಭ ನಕ್ಕ. "ಕಲಿಸೋರು ಯಾರು?"

"ಯಾರೂ ಬೇಡ. ಮ್ಯಾಗಜೀನಿನ ಜೊತೆ ಸೀಡಿ ಕೊಡ್ತಾರಂತೆ, ಕೋಲಾರದ ಬಸ್‌ಸ್ಟ್ಯಾಂಡಲ್ಲಿ ಸಿಗುತ್ತೆ. ತಂದುಕೊಡಿ ಸಾಕು."

ಮಾಲೂರಿನ ಹುಡುಗಿ ಅವಳು, ಬಿ.ಎಸ್ಸಿ. ಓದಿದವಳು. ಕಂಪ್ಯೂಟರ್ ಕೋರ್ಸಿಗೆ ಸೇರಲು ಅರ್ಜಿ ತಂದಿಟ್ಟುಕೊಂಡ ವಾರವೇ ಮದುವೆ ಗೊತ್ತಾಗಿತ್ತು. ಆ ಅರ್ಜಿ ಏನಾಯಿತೆಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಬಿಟ್ಟಿ ಅಂದ್ರೆ?" ಅಂಬಾಬಾಯಿಗೆ ಅನುಮಾನ. "ಬಿಟ್ಟಿ ಕೊಡೋಕೆ ಅವರಿಗೇನು ಬಂದಿರೋದು?"

"ಯಾರ್ಯಾರೋ ಸೇರಿ ಬರೆದಿದಾರೆ ಅತ್ತೆ. ಹೇಗೆ ಬರೆದಿದಾರೆ ಅನ್ನೋದನ್ನೂ ತೋರಿಸ್ತಾರೆ. ಯಾರು ಬೇಕಾದ್ರೂ ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು."

"ಸಾರಿನ ಪುಡಿ ಹದ ಹೇಳಿಕೊಟ್ಟ ಹಾಗೆ ಅನ್ನು" ಎಂದರು ಅಂಬಾಬಾಯಿ. "ಸರಿ, ಮಜ್ಜಿಗೆ ಬಡಿಸು."

ಕೌಸ್ತುಭ ಸೀಡಿ ತಂದುಕೊಟ್ಟ. ಕಲಿಯುತ್ತೇನೆ ಎಂದದ್ದೇನೋ ಸರಿ, ಯಾವಾಗ ಕಲಿಯಬೇಕು? ಬೆಳಿಗ್ಗೆ ಮಡಿನೀರು, ಹೂವು, ನೈವೇದ್ಯ, ಗಂಡನ ಡಬ್ಬಿ. ಮಧ್ಯಾಹ್ನ ಮಾವನ ಊಟ, ಗೋಮಯ, ಒಣಗಿದ ಬಟ್ಟೆ. ಸಂಜೆ ಕೋಣೆಯ ಕಡೆ ಕಾಲು ಹಾಕಿದರೆ ಸಾಕು, "ಪ್ರಿಯಾ, ಈ ಕಾಳು ಬಿಡಿಸು ಬಾರೇ" ಎಂದು ಕೂಗು ಬರುತ್ತಿತ್ತು. ಕೂಗುತ್ತಿದ್ದವರು ಅಂಬಾಬಾಯಿಯೇ. ಹೀಗಾಗಿ ಯಾರೂ ಅವಳನ್ನು ಕರೆಯದ, ಕರೆಯಲಾಗದ ಮೂರು ದಿನಗಳು ಬಂದಾಗ ಆ ಹುಡುಗಿ ಕುಣಿದುಕೊಂಡು ಹೋಗಿ ಚಾಪೆ ಹಾಸಿದ್ದರಲ್ಲಿ ಆಶ್ಚರ್ಯವಿರಲಿಲ್ಲ.

ಕಂಪ್ಯೂಟರನ್ನು ಆ ದಿನಗಳಲ್ಲಿ ಮುಟ್ಟಬಹುದೇ ಎಂಬ ಪ್ರಶ್ನೆ ಬಂತು. ನಾಲ್ಕನೆಯ ದಿನ ನೀರು ಪ್ರೋಕ್ಷಿಸಿ ಶುದ್ಧ ಮಾಡಿದರಾಯಿತು ಎಂದರು ಅಂಬಾಬಾಯಿ. "ಅಮ್ಮಾ, ನೀರು ಮಾತ್ರ ಬೇಡಮ್ಮಾ!" ಎಂದು ಕೌಸ್ತುಭ ಕಿರುಚಿಕೊಂಡ. ಗಾಜಿಗೂ ಪ್ಲಾಸ್ಟಿಕ್ಕಿಗೂ ಮೈಲಿಗೆ ಅಂಟುವುದಿಲ್ಲ ಎಂದು ಅಂಬಾಬಾಯಿ ಅಲ್ಲೇ ಹೊಸದೊಂದು ಶಾಸ್ತ್ರ ಮಾಡಿ ಆ ಸಮಸ್ಯೆ ಮುಗಿಸಿದರು.

ಮೊದಲನೆಯ ಸಲವೇ ಅನಾಹುತ ಆಯಿತು. ಸ್ಕೂಲಿಂದ ಬಂದ ಕೌಸ್ತುಭ ಹೊಸ್ತಿಲಾಚೆಯೇ ನಿಂತು ಕೇಳಿದ, "ಏನಾಯ್ತು?"

"ಹಾಕಿದೆ. ಹತ್ತಿಕೊಳ್ತು!"

"ನನ್ನ ಕ್ವೆಶ್ಚನ್ ಪೇಪರುಗಳು?"

ಪ್ರಿಯಂವದಾ ಕೀಲಿಮಣೆಯಿಂದ ಕೈ ತೆಗೆದಳು.

"ಅದರಲ್ಲಿ ಇಡೀ ವರ್ಷದ ಪೇಪರು, ನೋಟ್ಸು ಇತ್ತಲ್ಲೇ! ಕದಿರೇಶ ತೆಗೆದುಕೊಡ್ತೀನಿ ಅಂದಿದ್ದ!"

"ಇರೋದನ್ನೆಲ್ಲ ಅಳಿಸಲಾ ಅಂತ ಕೇಳ್ತು. ವೈರಸ್ ಇತ್ತಲ್ಲ... ಕೆಟ್ಟಿರೋದನ್ನ ಪೂರ್ತಿ ತೊಳೀದೆ ಒಳಗೆ ಹೊಸದು ಇಡೋದು ಹೇಗೆ ಅಂತ ಹೂಂ ಅಂದುಬಿಟ್ಟೆ."

"ಹೂಂ ಅಂದ್ಯಾ! ಯಾರನ್ನ ಕೇಳಿ ಅಂದೆ?"

ರಾಯರು ಪೇಪರು ಮಡಿಸಿ ಎದ್ದು ಬಂದರು. "ನಾನು ಆಗಲೇ ಹೇಳಿದೆ, ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬಾರದು ಅಂತ."

"ನೀವು ಯಾವಾಗ ಹೇಳಿದ್ರಿ?" ಎಂದರು ಅಂಬಾಬಾಯಿ. ಸೊಸೆಯ ಮೇಲೆ ಅವರಿಗೂ ಸಿಟ್ಟು ಬಂದಿತ್ತು. ಆದರೆ ತೊಳೆಯದೆ ಒಳಗೆ ತರಬಾರದು ಎನ್ನುವುದು ಅವರೇ ದಿನಾ ಹೇಳುತ್ತಿದ್ದ ಮಾತು, ಹುಡುಗಿ ಅದನ್ನು ಕಂಪ್ಯೂಟರಿಗೂ ಹಚ್ಚಿದ್ದಳು. ಬೈಯಲು ಬಾಯಿ ಬರಲಿಲ್ಲ. ಕೌಸ್ತುಭ ಆ ವಾರವೆಲ್ಲ ಮುಖ ಗಂಟು ಹಾಕಿಕೊಂಡು ಪ್ರಶ್ನೆಪತ್ರಿಕೆಗಳನ್ನು ಮತ್ತೆ ಕೈಯಲ್ಲಿ ಬರೆದ. ಪ್ರಿಯಂವದಾ ಎರಡು ಸಲ ಕ್ಷಮೆ ಕೇಳಿದಳು, ಮೂರನೆಯ ಸಲ ಕೇಳಲಿಲ್ಲ.

ಮುಂದಿನ ತಿಂಗಳು ಇನ್ನೂ ಕಷ್ಟ. ಇಷ್ಟು ರಂಪ ಮಾಡಿ ಹಾಕಿದ ಲಿನಕ್ಸು ಬರೀ ಕಪ್ಪು ಪರದೆ, ಅದರ ಮೇಲೆ ಬಿಳೀ ಅಕ್ಷರ. ಚಿತ್ರವಿಲ್ಲ, ಬಣ್ಣವಿಲ್ಲ. ಅಂಬಾಬಾಯಿ ಬಾಗಿಲಲ್ಲಿ ನಿಂತು ಇಣುಕಿದರು. "ಇದೇನೇ, ಅಮಾವಾಸ್ಯೆ ಆಕಾಶದ ಹಾಗಿದೆ?"

"ಬಣ್ಣ ಬರಬೇಕಾದ್ರೆ ಈ ಟೀವಿಯ ಅಳತೆ ಅದಕ್ಕೆ ಬರೆದು ತಿಳಿಸಬೇಕಂತೆ ಅತ್ತೆ. ಅದಿಲ್ಲದಿದ್ರೂ ಕೆಲಸ ಮಾಡುತ್ತೆ ನೋಡಿ." ಅವಳು ಏನೋ ಕುಟ್ಟಿದಳು, ಪರದೆ ತುಂಬ ಅಕ್ಷರ ಸುರಿಯಿತು. "ಯಾವ ಮಾತಿಗೆ ಏನರ್ಥ ಅಂತ ಇದರೊಳಗೇ ಬರೆದಿಟ್ಟಿದಾರೆ. ಕೇಳಿದ್ರೆ ಹೇಳುತ್ತೆ. ಆದ್ರೆ ಕೇಳೋದು ಹೇಗೆ ಅಂತ ಮೊದಲು ಗೊತ್ತಿರಬೇಕು."

"ನಿಮ್ಮ ಮಾವನ ಹಾಗೆ" ಎಂದು ಅಂಬಾಬಾಯಿ ಒಳಗೆ ಹೋದರು. ಹೋಗಿ ಇಡ್ಲಿ ಹಿಟ್ಟಿಗೆ ಗ್ರೈಂಡರ್ ಹಾಕಿದರು. ಹೊರಗಿನಿಂದ "ಅಯ್ಯೋ!" ಎಂದು ಕೂಗು ಬಂತು. ಗ್ರೈಂಡರ್ ತಿರುಗಿದರೆ ಮನೆಯ ದೀಪಗಳು ಮಂಕಾಗುತ್ತಿದ್ದವು, ಕಂಪ್ಯೂಟರು ಆರಿ ಹೋಗುತ್ತಿತ್ತು. ಹಾಗೆ ಆರಿದ ಮೇಲೆ ಅದು ಸುಲಭವಾಗಿ ಏಳುತ್ತಿರಲಿಲ್ಲ, ಒಳಗೆಲ್ಲ ಕೆಟ್ಟಿದೆ, ನೀನೇ ಸರಿಮಾಡು ಎಂದು ಇಂಗ್ಲಿಷಿನಲ್ಲಿ ಹಟ ಹಿಡಿಯುತ್ತಿತ್ತು. ಮೊದಲ ಸಲ ಹಾಗಾದಾಗ ಪ್ರಿಯಂವದಾ ಹೆದರಿದಳು. ನಾಲ್ಕಾರು ಸಲ ಆದ ಮೇಲೆ ಯಾವ ಮಾತು ಹೇಳಿದರೆ ಅದು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ ಎಂಬುದನ್ನು ಹುಡುಕಿ ಕಲಿತುಬಿಟ್ಟಳು. ಮುಳಬಾಗಿಲಿನ ಕರೆಂಟಿನಷ್ಟು ಒಳ್ಳೆಯ ಮೇಷ್ಟ್ರು ಅವಳಿಗೆ ಇನ್ನೆಲ್ಲಿ ಸಿಗುತ್ತಿದ್ದರು!

ಇನ್ನೊಂದು ಮಧ್ಯಾಹ್ನ ಅಂಬಾಬಾಯಿ ಊಟದ ತಟ್ಟೆ ಸರಿಸಲು ಬಂದಾಗ ಹುಡುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಏನಾಯ್ತೇ?"

"ಬರೆಯೋಕೆ ಅಂತ ಒಂದು ಜಾಗಕ್ಕೆ ಹೋದೆ ಅತ್ತೆ. ಏನು ಒತ್ತಿದ್ರೂ ಆಚೆ ಬರೋಕೆ ಬಿಡ್ತಿಲ್ಲ. ಬೆಳಿಗ್ಗೆಯಿಂದ ಅಲ್ಲೇ ಇದೀನಿ."

"ಆರಿಸಿಬಿಡು, ಅತ್ಲಾಗಿ."

"ಆರಿಸಿದ್ರೆ ಸೋತ ಹಾಗಲ್ವಾ?"

ಆ ಮಾತು ಅಂಬಾಬಾಯಿಗೆ ಹಿಡಿಸಿತು. ಹೊರಗೆ ತೋರಿಸಿಕೊಳ್ಳಲಿಲ್ಲ. "ಮೊದಲು ಉಣ್ಣು, ಅನ್ನ ಆರುತ್ತೆ" ಎಂದರು.

ಭಾನುವಾರ ಗಂಡನನ್ನು ಕಾಡಿ ಬೇಡಿ ಕೋಲಾರದ ಇಂಟರ್‌ನೆಟ್ ಅಂಗಡಿಗೆ ಹೋಗಿ, ಲಿನಕ್ಸಿನವರ ಗುಂಪೊಂದಕ್ಕೆ ತನ್ನ ಕಷ್ಟವನ್ನೆಲ್ಲ ಬರೆದು ಬಂದಳು. ಮರುವಾರ ಹೋದಾಗ ಉತ್ತರಗಳು ಬಂದಿದ್ದವು. ಒಬ್ಬ, ಮೊದಲು ಓದಿಕೊಂಡು ಆಮೇಲೆ ಕೇಳು ಎಂದು ಗದರಿದ್ದ. ಇನ್ನೊಬ್ಬ ಯಾರೋ, ಯಾವ ದೇಶದವನೋ, ಎಸ್ಕೇಪ್ ಒತ್ತಿ ಕೋಲನ್, ಕ್ಯೂ, ಆಶ್ಚರ್ಯ ಚಿಹ್ನೆ ಹೊಡೆದರೆ ಆಚೆ ಬರಬಹುದು ಎಂಬುದರಿಂದ ಹಿಡಿದು ಪರದೆಯ ಅಳತೆಯ ತನಕ ಎಲ್ಲ ತಾಳ್ಮೆಯಿಂದ ಬರೆದಿದ್ದ.

"ನಿನ್ನ ಹೆಸರೂ ಗೊತ್ತಿಲ್ಲ, ಊರೂ ಗೊತ್ತಿಲ್ಲ, ಆದ್ರೂ ಹೇಳಿದ್ನಾ?" ಅಂಬಾಬಾಯಿ ಮತ್ತೆ ಮತ್ತೆ ಕೇಳಿದರು. ಅವರಿಗೆ ಅದೇ ಎಲ್ಲಕ್ಕಿಂತ ದೊಡ್ಡ ವಿಚಿತ್ರವಾಗಿ ಕಂಡಿತು.

ಅಷ್ಟರಲ್ಲಿ ಪಿತೃಪಕ್ಷ ಬಂತು. ಸೋಮವಾರ ಸ್ಕೂಲಿಗೆ ಬಂದು ಓಡಿಸಿ ತೋರಿಸಬೇಕು, ಅರ್ಜಿ ಹಾಕಿದ್ದ ಶ್ರೀನಿವಾಸಪುರದ ಹುಡುಗ ವಂಶಿಕೃಷ್ಣನೂ ಬರುತ್ತಾನೆ ಎಂದು ಚನ್ನರಾಯಪ್ಪ ಹೇಳಿಕಳಿಸಿದರು. ರಾಯರ ತಂದೆಯ ಪಕ್ಷದ ಶ್ರಾದ್ಧ ಶನಿವಾರ ಬಿದ್ದಿತ್ತು. ವಡೆ, ಪಾಯಸ, ಕೂಟು, ಗೊಜ್ಜು, ಕೋಸಂಬರಿ, ಎಲ್ಲ ಮಡಿಯಲ್ಲಿ ಆಗಬೇಕು. ಅಂಬಾಬಾಯಿಯ ಮಂಡಿಗಳು ಕೈಕೊಟ್ಟು ಎರಡು ವರ್ಷವಾಗಿತ್ತು. ಸೊಸೆಯ ಕೈ ಇಲ್ಲದೆ ಶ್ರಾದ್ಧ ನಡೆಯುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಪ್ರಿಯಂವದಾ ಚಾಪೆ ಎತ್ತಿಕೊಂಡು ಹೊರಗಿನ ಕೋಣೆ ಸೇರಿದಳು. ಪಾತ್ರೆ ತೊಳೆಯಲು ಬಂದ ಮುನಿಗಂಗಮ್ಮ ಹಿತ್ತಿಲಲ್ಲಿ ನಿಂತು ಬೆರಳು ಮಡಚಿ ಲೆಕ್ಕ ಹಾಕಿದಳು. "ಏಮಮ್ಮಾ, ಚಿಕ್ಕಮ್ಮೋರು ಮತ್ತೆ ಹೊರಗಾದ್ರಾ? ಮೊನ್ನೆಮೊನ್ನೆ ತಾನೇ ತಲೆಗೆ ನೀರ್ ಹಾಕ್ಕೊಂಡಿದ್ದು!"

"ನಿನ್ನ ಪಾತ್ರೆ ನೀನು ತೊಳಿ" ಎಂದರು ಅಂಬಾಬಾಯಿ. ಲೆಕ್ಕ ಅವರಿಗೂ ಬರುತ್ತಿತ್ತು. ಕೈ ಒರೆಸಿಕೊಂಡು ನೇರವಾಗಿ ಕೋಣೆಯ ಬಾಗಿಲಿಗೆ ಹೋದರು.

"ನಿಜ ಹೇಳು. ಹೊರಗಾಗಿದೀಯಾ?"

ಪ್ರಿಯಂವದಾ ಎದ್ದು ನಿಂತಳು. ಮುಖ ಸುಣ್ಣದ ಹಾಗಾಯಿತು. "ಇಲ್ಲ ಅತ್ತೆ."

"ಮಡಿ ವಿಷಯದಲ್ಲಿ ಸುಳ್ಳು! ಅದೂ ಪಿತೃಕಾರ್ಯ ಇಟ್ಕೊಂಡು! ಯಾವ ಬಾಯಿಂದ ಹೇಳಿದ್ಯೇ?"

"ತಪ್ಪು ಅತ್ತೆ. ಬೇರೆ ದಾರಿ ಕಾಣಲಿಲ್ಲ. ಬಣ್ಣ ನಿನ್ನೆ ಬಂತು, ಇನ್ನೂ ಒಂದಕ್ಕೊಂದು ಜೋಡಿಸೋದು ಬರಲ್ಲ, ಮಕ್ಕಳಿಗೆ ಏನು ತೋರಿಸಬೇಕು ಅಂತ ಗೊತ್ತಿಲ್ಲ. ಸೋಮವಾರ ಆ ಹುಡುಗ ಸರ್ಟಿಫಿಕೇಟ್ ಹಿಡ್ಕೊಂಡು ಬರ್ತಾನೆ. ನನ್ನ ಹತ್ರ ಇರೋದು ಇದೊಂದೇ." ಕಂಪ್ಯೂಟರಿನ ಕಡೆ ಕೈ ತೋರಿಸಿದಳು. ಆಮೇಲೆ ಕೂತು, ಅದಕ್ಕೆ ಸಲ್ಲುವ ಮಾತು ಬರೆದು, ಸರಿಯಾಗಿ ಆರಿಸಿದಳು. "ಸ್ನಾನ ಮಾಡ್ಕೊಂಡು ಬರ್ತೀನಿ ಅತ್ತೆ. ಬೇಳೆ ನೆನೆಹಾಕಬೇಕಲ್ಲ." ಚಾಪೆ ಸುತ್ತತೊಡಗಿದಳು.

ಅಂಬಾಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಧಾರವಾಡದ ಕಡೆಯಿಂದ ಈ ಮನೆಗೆ ಬಂದಾಗ ಅವರಿಗೆ ಹದಿನೇಳು ವರ್ಷ. ಇಲ್ಲಿ ಹಾಲಿನವಳು, ತರಕಾರಿಯವಳು, ಅಗಸರವನು, ಎಲ್ಲರ ಬಾಯಲ್ಲೂ ತೆಲುಗು. ಒಂದಕ್ಷರ ಅರ್ಥವಾಗದೆ ಪೆಚ್ಚಾಗಿ ನಿಲ್ಲುತ್ತಿದ್ದರು. ಆಗ ಇದೇ ಕೋಣೆಯಲ್ಲಿ, ಹೊರಗೆ ಕೂತ ದಿನಗಳಲ್ಲಿ, ಸಾಮಾನು ಕಟ್ಟಿ ಬಂದ ತೆಲುಗು ಪೇಪರಿನ ಚೂರುಗಳನ್ನು ನೆಲದ ಮೇಲೆ ಹರಡಿಕೊಂಡು ಒಂದೊಂದೇ ಅಕ್ಷರ ಕನ್ನಡಕ್ಕೆ ಹೋಲಿಸುತ್ತ ತಾವೇ ಓದಲು ಕಲಿತಿದ್ದರು. ಯಾರೂ ಕಲಿಸಿರಲಿಲ್ಲ. ಯಾರಿಗೂ ಹೇಳಿಯೂ ಇರಲಿಲ್ಲ. ಒಂದು ಕಥೆ ಮುಗಿಯಲಿಲ್ಲವೆಂದು ಒಂದು ದಿನ ಹೆಚ್ಚಾಗಿಯೇ ಕೂತಿದ್ದರು, ಅತ್ತೆಗೆ ಗೊತ್ತಾಗಿ ಆಮೇಲೆ ಆ ಕೋಣೆಗೆ ಒಂದು ಕಾಗದದ ಚೂರೂ ಬರದಂತಾಯಿತು. ಆ ಕಥೆಯಲ್ಲಿ ಮುಂದೇನಾಯಿತೆಂದು ಅವರಿಗೆ ಇವತ್ತಿಗೂ ತಿಳಿದಿಲ್ಲ.

ಹಿಂದಿನಿಂದ ರಾಯರ ದನಿ ಬಂತು. "ಅಂಬಾ, ಪ್ರಿಯಂವದಾ ಹೊರಗಾಗಿದಾಳೆ ಅಂದ್ಲು ಮುನಿಗಂಗಮ್ಮ. ಹೌದಾ? ಶನಿವಾರದ ಗತಿ ಏನು?"

ಪ್ರಿಯಂವದಾ ಚಾಪೆ ಹಿಡಿದು ತಲೆ ತಗ್ಗಿಸಿದಳು.

"ಹೌದು, ಹೊರಗೆ ಕೂತಿದಾಳೆ" ಎಂದರು ಅಂಬಾಬಾಯಿ, ಎಲ್ಲರಿಗೂ ಕೇಳುವ ಹಾಗೆ. "ಈ ಕಡೆ ಯಾರೂ ಬರಬೇಡಿ, ಯಾರೂ ಕರೀಬೇಡಿ."

"ಮತ್ತೆ ಅಡುಗೆ?"

"ನಾನಿಲ್ವಾ? ನೀವಿಲ್ವಾ? ತೆಂಗಿನಕಾಯಿ ತುರಿಯೋಕೆ ಪಂಚಾಂಗ ನೋಡಬೇಕಾ?"

ರಾಯರು ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಒಳಗೆ ತಿರುಗಿದರು. ಅವರು ಹೋದ ಮೇಲೆ ಪ್ರಿಯಂವದಾ ಪಿಸುಗುಟ್ಟಿದಳು, "ಅತ್ತೆ, ಮಡಿಗೆ ಭಂಗ..."

"ಮೈಲಿಗೆಯೇ ಆಗಿಲ್ಲ, ಭಂಗ ಎಲ್ಲಿಂದ ಬಂತು? ಸುಳ್ಳಿನ ಪಾಪ ನನಗಿರಲಿ, ನನ್ನ ಮಾವ ಒಳ್ಳೇವರು, ತಪ್ಪು ತಿಳಿಯಲ್ಲ. ನೀನು ಅದನ್ನ ಮತ್ತೆ ಹತ್ತಿಸು." ಎರಡು ಹೆಜ್ಜೆ ಹೋಗಿ ತಿರುಗಿದರು. "ಗ್ರೈಂಡರ್ ಹಾಕಲ್ಲ. ಒರಳಲ್ಲೇ ರುಬ್ಬಿಕೊಳ್ತೀನಿ."

ಶನಿವಾರ ಆ ಮನೆಯ ಯಜಮಾನರು ಒದ್ದೆ ಪಂಚೆಯುಟ್ಟು ತುರಿಮಣೆಯ ಮೇಲೆ ಕೂತು ಕಾಯಿ ತುರಿದರು. ತುರಿಯಲ್ಲಿ ಕರಟದ ಚೂರು ಬಿತ್ತು, ಹೆಂಡತಿಯಿಂದ ಬೈಸಿಕೊಂಡರು. ಅಂಬಾಬಾಯಿ ಮಂಡಿಗೆ ಬಟ್ಟೆ ಬಿಗಿದುಕೊಂಡು ಉದ್ದಿನಬೇಳೆ ರುಬ್ಬಿದರು, ವಡೆ ಕರಿದರು. ಬ್ರಾಹ್ಮಣರು ಉಂಡು ತೃಪ್ತರಾಗಿ ಎದ್ದರು. ಕೌಸ್ತುಭ ಬೆಳಿಗ್ಗೆಯಿಂದ ನೀರು ಸೇದಿ, ಎಲೆ ಎತ್ತಿ ಸುಸ್ತಾಗಿ ತಾಯಿಯ ಪಕ್ಕ ಕೂತ. "ಅಮ್ಮಾ, ಇಷ್ಟು ಕೆಲಸ ದಿನಾ ಅವಳೇ ಮಾಡ್ತಾಳಾ?"

"ಈಗ ಕಣ್ಣು ಬಿಟ್ಟೆಯೇನೋ?" ಎಂದರು ಅಂಬಾಬಾಯಿ.

ಸೋಮವಾರ ಸೊಸೆಯ ಜೊತೆ ತಾವೂ ಬರುವುದಾಗಿ ಅಂಬಾಬಾಯಿ ಹಟ ಹಿಡಿದರು. ಗಂಡಸರ ಮಧ್ಯೆ ಅವಳೊಬ್ಬಳೇ ಯಾಕೆ ಎಂಬುದು ಹೇಳಿಕೊಂಡ ಕಾರಣ. ನೋಡುವ ಆಸೆ ತಡೆಯಲಾಗಿರಲಿಲ್ಲ, ಅದು ನಿಜವಾದ ಕಾರಣ. ಮಕ್ಕಳ ಬೆಂಚಿನ ಮೇಲೆ ರೇಷ್ಮೆ ಸೀರೆಯುಟ್ಟು ಕೂತರು.

ವಂಶಿಕೃಷ್ಣ ಸಭ್ಯ ಹುಡುಗ, ಕೆಲಸವೂ ಗೊತ್ತಿತ್ತು. ಒಂದು ಕಂಪ್ಯೂಟರಿಗೆ ಅಚ್ಚುಕಟ್ಟಾಗಿ ವಿಂಡೋಸ್ ಹಾಕಿದ. "ಇದಕ್ಕೆ ರಸೀದಿ ಇರುತ್ತಾ?" ಎಂದರು ಚನ್ನರಾಯಪ್ಪ. "ಕೊಂಡ್ರೆ ಇರುತ್ತೆ ಸಾರ್" ಎಂದ ಹುಡುಗ ತಲೆ ಕೆರೆದುಕೊಂಡು.

ಪ್ರಿಯಂವದಾ ಉಳಿದ ನಾಲ್ಕಕ್ಕೆ ಒಂದಾದ ಮೇಲೊಂದು ಲಿನಕ್ಸ್ ಹಾಕಿದಳು. ನಾಲ್ಕೂ ಓಡತೊಡಗಿದ ಹೊತ್ತಿಗೆ ಕರೆಂಟು ಹೋಯಿತು. ಬಂದಾಗ ಪರದೆಗಳ ತುಂಬ ದೂರುಗಳು ಸುರಿದವು. ಚನ್ನರಾಯಪ್ಪ "ಸುಟ್ಟೋಯ್ತಾ?" ಎಂದು ಎದ್ದು ನಿಂತರು. ಅವಳು ಕೀಲಿಗಳ ಕಡೆ ನೋಡದೆಯೇ ಏನೋ ಹೊಡೆದು, "ಐದು ನಿಮಿಷ ಸರ್, ತಾನೇ ಸರಿ ಮಾಡ್ಕೊಳ್ಳುತ್ತೆ" ಎಂದಳು. ಮಾಡಿಕೊಂಡಿತು. ಕಪ್ಪು ಹೋಗಿ ಬಣ್ಣ ಬಂತು. ಕಿಟಕಿಗೆ ಜೋತುಬಿದ್ದಿದ್ದ ಮಕ್ಕಳು ಹೋ ಎಂದರು. ಅಂಬಾಬಾಯಿಗೆ ಕಣ್ಣು ತುಂಬಿ ಬಂತು. ಯಾರ ಹಂಗೂ ಇಲ್ಲದೆ, ಬೈಸಿಕೊಂಡು, ಅತ್ತು, ಮತ್ತೆ ಕೂತು ಕಲಿತ ಹುಡುಗಿ ತಮ್ಮ ಮನೆಯವಳು ಎಂದು ಅವರಿಗೆ ಹೆಮ್ಮೆಯಾಯಿತು.

ವಂಶಿಕೃಷ್ಣ ಹತ್ತಿರ ಬಂದ. "ಅಕ್ಕಾ, ಆ ಸೀಡಿ ಒಂದ್ಸಲ ಕೊಡ್ತೀರಾ?"

"ಕಾಪಿ ಮಾಡ್ಕೊಂಡು ಇಟ್ಕೊಳಪ್ಪ. ಯಾರಾದ್ರೂ ಕೇಳಿದ್ರೆ ನೀನೂ ಕೊಡು" ಎಂದು ಕೊಟ್ಟೇಬಿಟ್ಟಳು.

ಚನ್ನರಾಯಪ್ಪ ಖುಷಿಯಾಗಿದ್ದರು. ಆದರೆ ಗಂಟಲು ಸರಿಮಾಡಿಕೊಂಡು ಕೌಸ್ತುಭನ ಕಡೆ ತಿರುಗಿದರು. "ಮೇಷ್ಟ್ರೇ, ತಪ್ಪು ತಿಳೀಬ್ಯಾಡಿ. ಕೆಲಸ ನಿಮ್ಮ ಮನೆಯೋರಿಗೇ ಅಂತ ನನ್ನ ಮನಸ್ಸು. ಆದ್ರೆ ನಿಮ್ಮನೇಲಿ ಆಚಾರ ಜಾಸ್ತಿ, ಊರಿಗೇ ಗೊತ್ತು. ತಿಂಗಳಿಗೆ ಮೂರು ದಿನ ಹೆಣ್ಮಕ್ಕಳನ್ನ ಹೊರಗೆ ಕೂರಿಸ್ತೀರಿ, ಹೊಸ್ತಿಲು ದಾಟಿಸಲ್ಲ. ಪ್ರತಿ ತಿಂಗಳು ಕ್ಲಾಸು ನಿಂತ್ರೆ ಮಕ್ಕಳ ಗತಿ?"

ಕೌಸ್ತುಭ ನೆಲ ನೋಡಿದ. ಪ್ರಿಯಂವದಾಳ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಅವಳು ಕೇಳುವಂತಿರಲಿಲ್ಲ, ಅವನು ಹೇಳುವಂತಿರಲಿಲ್ಲ. ಆ ಮಾತಿಗೆ ಉತ್ತರ ಕೊಡುವ ಅಧಿಕಾರ ಇದ್ದವರು ಒಬ್ಬರೇ.

ಅಂಬಾಬಾಯಿ ಬೆಂಚು ಹಿಡಿದು, ಮಂಡಿ ನೆಟ್ಟಗೆ ಮಾಡಿಕೊಂಡು, ಎದ್ದರು. "ಕೂರಿಸ್ತಿದ್ವಿ" ಎಂದರು. "ಇನ್ಮೇಲೆ ನಮ್ಮನೇಲಿ ಯಾರೂ ಹೊರಗೆ ಕೂರಲ್ಲ. ತಿಂಗಳು ಪೂರ್ತಿ ಬರ್ತಾಳೆ. ನೀವು ಹೆಸರು ಬರ್ಕೊಳ್ಳಿ."

ಕೌಸ್ತುಭ ಬಾಯಿ ತೆರೆದು ತಾಯಿಯನ್ನೇ ನೋಡಿದ. ಚನ್ನರಾಯಪ್ಪ ಕೈ ಮುಗಿದರು.

ಮನೆಯ ದಾರಿಯಲ್ಲಿ ಪ್ರಿಯಂವದಾ ಅತ್ತೆಯ ತೋಳು ಹಿಡಿದುಕೊಂಡು ನಿಧಾನವಾಗಿ ನಡೆಸುತ್ತಿದ್ದಳು. ಆಮೇಲೆ ಹೆದರುತ್ತ ಹೆದರುತ್ತ ಕೇಳಿದಳು.

"ಅತ್ತೆ, ಹೊರಗೆ ಕೂರದೇ ಇದ್ರೆ ನಾನು ಕಲಿಯೋದು ಯಾವಾಗ? ಇನ್ನೂ ಬೇಕಾದಷ್ಟಿದೆ."

ಅಂಬಾಬಾಯಿ ನಡು ರಸ್ತೆಯಲ್ಲೇ ನಿಂತರು. "ದಿನಾ ಸಾಯಂಕಾಲ. ದೀಪ ಹಚ್ಚಿದ ಮೇಲೆ ಆ ರೂಮು ನಿಂದು. ನಿನ್ನ ಗಂಡ ಕರೆದ್ರೂ ಬರಬೇಡ, ನಿನ್ನ ಮಾವ ಕರೆದ್ರೂ ಬರಬೇಡ." ಸ್ವಲ್ಪ ಯೋಚಿಸಿದರು. ತಮ್ಮ ಸ್ವಭಾವ ಅವರಿಗೆ ಚೆನ್ನಾಗಿ ಗೊತ್ತಿತ್ತು. "ನಾನು ಕರೆದ್ರೂ ಬರಬೇಡ ಕಣೇ."